ಜಿಲ್ಲಾ ಪತ್ರಿಕೆಯ ಕಿರು ಜಾಹೀರಾತು: ಮಾರಲು, ಕೊಳ್ಳಲು, ಕೆಲಸಕ್ಕೆ ಜನ ಹುಡುಕಲು ಸಮಗ್ರ ಮಾರ್ಗದರ್ಶಿ

ಹಳೆಯ ಟ್ರ್ಯಾಕ್ಟರ್, ಮೊದಲ ಮಹಡಿಯ ಬಾಡಿಗೆ ಮನೆ, ಬೇಕರಿಗೆ ಬೇಕಾದ ಮಾಸ್ಟರ್, ಎರಡನೇ ಸೂಲಿನ ಹಸು. ಇವುಗಳ ಗಿರಾಕಿ ಹೆಚ್ಚಾಗಿ ಒಂದೆರಡು ತಾಲ್ಲೂಕಿನ ಆಚೆ ಇರುವುದಿಲ್ಲ. ಮೊಬೈಲ್ ಆ್ಯಪ್‌ಗಳು ಬಂದ ಮೇಲೂ ಜಿಲ್ಲಾ ಪತ್ರಿಕೆಯ ಕಿರು ಜಾಹೀರಾತು ಉಳಿದಿರುವುದು ಇದೇ ಕಾರಣಕ್ಕೆ. ಕ್ಷೌರದಂಗಡಿ, ಹೋಟೆಲು, ಗ್ರಂಥಾಲಯ, ಹಾಲಿನ ಡೇರಿ ಎಲ್ಲ ಕಡೆ ಒಂದೇ ಪ್ರತಿಯನ್ನು ಹತ್ತಾರು ಜನ ಓದುತ್ತಾರೆ. ಓದಿದವರು ತಮಗೆ ಬೇಡದಿದ್ದರೂ ಬೇಕಾದವರಿಗೆ ಹೇಳುತ್ತಾರೆ.

ಆದರೆ ಜಾಹೀರಾತು ಮಾಡುವುದು ಪರಿಚಯವನ್ನಷ್ಟೇ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ‘ಜಾಹೀರಾತಿನ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ, ಓದುಗರೇ ಪರಿಶೀಲಿಸಿಕೊಳ್ಳಬೇಕು’ ಎಂದು ಇರುತ್ತದಲ್ಲ, ಅದು ಬರೀ ವಾಡಿಕೆಯ ಮಾತಲ್ಲ. ಹಣ ಕೈಬದಲಾಗುವ ಮುನ್ನ ನೋಡಬೇಕಾದ್ದನ್ನೆಲ್ಲ ನೀವೇ ನೋಡಬೇಕು. ಈ ಬರಹದಲ್ಲಿ ಜಾಹೀರಾತು ಬರೆಯುವುದಕ್ಕಿಂತ ಆಮೇಲಿನ ಪರಿಶೀಲನೆಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಯಾವ ಪತ್ರಿಕೆ, ಯಾವ ದಿನ

ರಾಜ್ಯಮಟ್ಟದ ದಿನಪತ್ರಿಕೆಗಳಲ್ಲಿ ಜಿಲ್ಲೆಗೊಂದು ಆವೃತ್ತಿ ಅಥವಾ ಜಿಲ್ಲಾ ಪುಟ ಇರುತ್ತದೆ. ಜಾಹೀರಾತು ಕೊಡುವಾಗ ‘ನಮ್ಮ ಜಿಲ್ಲೆಯ ಆವೃತ್ತಿಗೆ ಮಾತ್ರ’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲವಾದರೆ ಬಾಡಿಗೆ ಮನೆಗೆ ರಾಜ್ಯಕ್ಕೆಲ್ಲ ಹಣ ಕಟ್ಟಿದಂತಾಗುತ್ತದೆ. ಇನ್ನು ಅಪ್ಪಟ ಸ್ಥಳೀಯ ಪತ್ರಿಕೆಗಳಿವೆ: ಮಡಿಕೇರಿಯ ‘ಶಕ್ತಿ’, ಮೈಸೂರಿನ ‘ಆಂದೋಲನ’ ಮತ್ತು ‘ಮೈಸೂರು ಮಿತ್ರ’, ದಾವಣಗೆರೆಯ ‘ಜನತಾವಾಣಿ’, ಪುತ್ತೂರು ಸುಳ್ಯ ಬೆಳ್ತಂಗಡಿ ಕಡೆಯ ‘ಸುದ್ದಿ ಬಿಡುಗಡೆ’ ಇಂಥವು. ಬಾಡಿಗೆ, ಕೆಲಸಗಾರರು, ಜಾನುವಾರು, ಹಳೆ ಸಾಮಾನುಗಳಿಗೆ ಸ್ಥಳೀಯ ಪತ್ರಿಕೆಯೇ ಮೇಲು. ಜಮೀನು, ತೋಟ, ನಡೆಯುತ್ತಿರುವ ಅಂಗಡಿಯಂಥ ದೊಡ್ಡ ವ್ಯವಹಾರಕ್ಕೆ ಬೆಂಗಳೂರಿನಲ್ಲಿರುವ ಊರಿನವರೂ ನೋಡಬೇಕು, ಹಾಗಾಗಿ ರಾಜ್ಯಮಟ್ಟದ ಪತ್ರಿಕೆಯ ಭಾನುವಾರದ ಸಂಚಿಕೆಯನ್ನೂ ಸೇರಿಸಿ.

ನಿರ್ಧರಿಸುವ ಮುನ್ನ ಒಂದು ವಾರದ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತಿರುವಿಹಾಕಿ. ನಿಮ್ಮಂಥದೇ ಜಾಹೀರಾತು ಯಾವ ಪತ್ರಿಕೆಯಲ್ಲಿ ಯಾವ ದಿನ ಹೆಚ್ಚು ಬರುತ್ತದೋ ಅಲ್ಲೇ, ಆ ದಿನವೇ ಹಾಕಿ. ಬೈಕ್ ಕೊಳ್ಳುವವನು ಬೈಕ್ ಜಾಹೀರಾತು ಹೆಚ್ಚಿರುವ ಪತ್ರಿಕೆಯನ್ನೇ ತೆರೆಯುತ್ತಾನೆ. ಪೈಪೋಟಿ ಇಲ್ಲದ ಜಾಗ ಹುಡುಕಿದರೆ ಓದುಗರೂ ಇಲ್ಲದ ಜಾಗ ಸಿಗುತ್ತದೆ.

ಕಾಲವನ್ನೂ ನೋಡಿಕೊಳ್ಳಿ. ಬಾಡಿಗೆ ಮನೆಗೆ ಏಪ್ರಿಲ್ ಮತ್ತು ಮೇ ಒಳ್ಳೆಯದು, ಏಕೆಂದರೆ ಶಾಲೆ ಶುರುವಾಗುವ ಮುಂಚೆ ಜನ ಮನೆ ಬದಲಿಸುತ್ತಾರೆ. ಆಷಾಢದಲ್ಲಿ ಹೊಸ ಮನೆಗೆ ಹೋಗುವವರು, ವಾಹನ ಕೊಳ್ಳುವವರು ಕಡಿಮೆ. ಆದ್ದರಿಂದ ಮಾರುವವರು ಅದಕ್ಕೆ ಮುಂಚೆ ಮುಗಿಸಬೇಕು, ಇಂಥ ಲೆಕ್ಕ ಇಟ್ಟುಕೊಳ್ಳದ ಕೊಳ್ಳುವವರಿಗೆ ಚೌಕಾಸಿಗೆ ಅದೇ ಒಳ್ಳೆಯ ತಿಂಗಳು. ಕಾಫಿ, ಅಡಿಕೆ ಸೀಮೆಯಲ್ಲಿ ಕೊಯ್ಲಿನ ಹಣ ಕೈಗೆ ಬಂದ ಮೇಲೆ ವಾಹನ ಮತ್ತು ಜಮೀನಿನ ವ್ಯವಹಾರ ಚುರುಕಾಗುತ್ತದೆ.

ಲೆಕ್ಕ ಹೇಗೆ ಹಾಕುತ್ತಾರೆ

ಕಿರು ಜಾಹೀರಾತು ಎರಡು ಬಗೆ. ಒಂದರಲ್ಲಿ ಬರೀ ಅಕ್ಷರ, ದರ ಪದಕ್ಕೆ ಅಥವಾ ಸಾಲಿಗೆ. ಇನ್ನೊಂದರಲ್ಲಿ ಸುತ್ತ ಚೌಕಟ್ಟು, ದಪ್ಪಕ್ಷರ, ಬೇಕಿದ್ದರೆ ಚಿತ್ರ, ದರ ಚದರ ಸೆಂಟಿಮೀಟರಿಗೆ ಅಥವಾ ಕಾಲಂ ಸೆಂಟಿಮೀಟರಿಗೆ. ಎಂಟು ಕಾಲಂ ಇರುವ ದೊಡ್ಡ ಪುಟದಲ್ಲಿ ಒಂದು ಕಾಲಂ ಸುಮಾರು 4 ಸೆಂ.ಮೀ. ಅಗಲ. ಒಂದು ಕಾಲಂ, 5 ಸೆಂ.ಮೀ. ಎತ್ತರ ಎಂದರೆ ಸುಮಾರು 20 ಚದರ ಸೆಂ.ಮೀ. ದರದ ಮೇಲೆ ಶೇ 5 ಜಿಎಸ್‌ಟಿ ಸೇರುತ್ತದೆ.

ಪತ್ರಿಕೆಯ ಕಚೇರಿಗೇ ಹೋಗಬಹುದು, ಜಾಹೀರಾತು ಏಜೆನ್ಸಿಯ ಮೂಲಕವೂ ಕೊಡಬಹುದು. ಮಾನ್ಯತೆ ಪಡೆದ ಏಜೆನ್ಸಿಗೆ ಪತ್ರಿಕೆಯೇ ಸಾಮಾನ್ಯವಾಗಿ ಶೇ 15 ಕಮಿಷನ್ ಕೊಡುತ್ತದೆ, ಹಾಗಾಗಿ ನಿಮಗೆ ದರ ಹೆಚ್ಚಾಗಬಾರದು. ಕೌಂಟರಿನಲ್ಲಿ ಇಷ್ಟನ್ನು ಕೇಳಿ ಬರೆದುಕೊಳ್ಳಿ: ಕನಿಷ್ಠ ಪದ ಎಷ್ಟು, ಫೋನ್ ನಂಬರನ್ನು ಒಂದು ಪದವಾಗಿ ಎಣಿಸುತ್ತಾರಾ, ಎರಡು ಅಥವಾ ಮೂರು ಸಲ ಹಾಕಿಸಿದರೆ ರಿಯಾಯಿತಿ ಇದೆಯಾ, ಕೊಡಲು ಕೊನೆಯ ಗಂಟೆ ಯಾವುದು, ಮಧ್ಯದಲ್ಲಿ ಮಾರಾಟವಾದರೆ ಉಳಿದ ದಿನದ್ದನ್ನು ನಿಲ್ಲಿಸಬಹುದಾ. ಗುರುತಿನ ಚೀಟಿಯ ಜೆರಾಕ್ಸ್ ಕೇಳುತ್ತಾರೆ, ಒಯ್ಯಿರಿ. ಗುರುತು ಕೇಳುವ ಪತ್ರಿಕೆಯಲ್ಲಿ ಮೋಸದ ಜಾಹೀರಾತು ಕಡಿಮೆ ಇರುತ್ತದೆ, ಅಂಥ ಕಡೆ ಹಾಕುವುದೇ ಕ್ಷೇಮ.

ಇಪ್ಪತ್ತು ಪದದಲ್ಲಿ ಬರೆಯುವುದು

ಹೆಚ್ಚಿನವರು ಕೆಡಿಸುವುದು ಇಲ್ಲೇ. ‘ಸುಸಜ್ಜಿತ ಮನೆ ಬಾಡಿಗೆಗೆ ಇದೆ. ಎಲ್ಲ ಸೌಲಭ್ಯಗಳಿವೆ. ಆಸಕ್ತರು ಸಂಪರ್ಕಿಸಿ’ ಎಂಬ ಜಾಹೀರಾತಿನಲ್ಲಿ ಪ್ರಯೋಜನಕ್ಕೆ ಬರುವ ಪದ ‘ಮನೆ’, ‘ಬಾಡಿಗೆ’ ಎರಡೇ. ಇದಕ್ಕೆ ಫೋನು ತುಂಬಾ ಬರುತ್ತದೆ, ಮನೆ ಮಾತ್ರ ಖಾಲಿಯೇ ಉಳಿಯುತ್ತದೆ. ಅದೇ ಮನೆಯನ್ನು ಹೀಗೆ ಬರೆಯಿರಿ:

‘ದಾವಣಗೆರೆ ವಿದ್ಯಾನಗರ: 2 ಬೆಡ್‌ರೂಂ, ಮೊದಲ ಮಹಡಿ, ಬೋರ್ ಹಾಗೂ ನಲ್ಲಿ ನೀರು, ಬೈಕ್ ಪಾರ್ಕಿಂಗ್ ಮಾತ್ರ. ಬಾಡಿಗೆ 9,000, ಅಡ್ವಾನ್ಸ್ 50,000. ಸಂಜೆ 5ರ ನಂತರ ಫೋನ್ ಮಾಡಿ.’

ಮೊದಲ ಪದ ಊರು ಅಥವಾ ಬಡಾವಣೆ. ಕಾಲಂನಲ್ಲಿ ಕಣ್ಣಾಡಿಸುವವರು ಸಾಲಿನ ಮೊದಲ ಪದವನ್ನಷ್ಟೇ ನೋಡುತ್ತಾರೆ. ಕಾರು ಇರುವವನು ‘ಬೈಕ್ ಪಾರ್ಕಿಂಗ್ ಮಾತ್ರ’ ಓದಿ ಸುಮ್ಮನಾಗುತ್ತಾನೆ, ಅದು ನಿಮಗೆ ಲಾಭ. ಬೇಡದವರನ್ನು ದೂರವಿಡುವ ಪದಕ್ಕೂ ದುಡ್ಡು ಕೊಡಬೇಕು.

ಬೆಲೆ ಬರೆಯಲೇಬೇಕು. ‘ಫೋನಿನಲ್ಲಿ ಮಾತಾಡೋಣ’ ಎಂದು ಬೆಲೆ ಮುಚ್ಚಿಟ್ಟರೆ ಕೊಳ್ಳುವ ಶಕ್ತಿ ಇಲ್ಲದವರೂ ಕರೆ ಮಾಡುತ್ತಾರೆ, ದಲ್ಲಾಳಿಗಳೂ ಮಾಡುತ್ತಾರೆ, ನಿಜವಾದ ಗಿರಾಕಿ ಪಕ್ಕದ ಬೆಲೆ ಹಾಕಿದ ಜಾಹೀರಾತಿಗೆ ಹೋಗುತ್ತಾನೆ. ಚೌಕಾಸಿಗೆ ಶೇ 5ರಿಂದ 10ರಷ್ಟು ಅಂತರ ಇಟ್ಟು ಬರೆದರೆ ಸಾಕು.

ವಸ್ತುವಿಗೆ ತಕ್ಕಂತೆ ಯಾವುದನ್ನು ಬಿಡಬಾರದು ಎಂಬುದು ಬದಲಾಗುತ್ತದೆ. ಬೈಕ್, ಕಾರಿಗೆ ಮಾಡೆಲ್, ವರ್ಷ, ಎಷ್ಟನೇ ಮಾಲೀಕ, ಎಷ್ಟು ಕಿ.ಮೀ., ವಿಮೆ ಯಾವ ತಿಂಗಳವರೆಗೆ. ಟ್ರ್ಯಾಕ್ಟರಿಗೆ ಅಶ್ವಶಕ್ತಿ ಮತ್ತು ಗಂಟೆ ಮೀಟರಿನ ಅಂಕಿ, ಟ್ರೇಲರ್ ಇದ್ದರೆ ಅದರ ನೋಂದಣಿ ಪತ್ರ (ಆರ್‌ಸಿ) ಬೇರೆಯೇ ಇದೆ ಎಂಬ ಮಾತು. ಹಸುವಿಗೆ ತಳಿ, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಎರಡೂ ಹೊತ್ತು ಸೇರಿ ಎಷ್ಟು ಲೀಟರ್. ಸೈಟಿಗೆ ಅಳತೆ, ದಿಕ್ಕು, ರಸ್ತೆಯ ಅಗಲ, ಇ-ಖಾತಾ (ಆಸ್ತಿಯ ಗಣಕೀಕೃತ ಖಾತೆ) ಆಗಿದೆಯೇ. ಜಮೀನಿಗೆ ಬಯಲುಸೀಮೆ, ಮಲೆನಾಡಿನಲ್ಲಿ ಎಕರೆ ಗುಂಟೆ, ಕರಾವಳಿಯಲ್ಲಿ ಸೆಂಟ್ಸ್. ಒಂದು ಎಕರೆಗೆ 40 ಗುಂಟೆ ಅಥವಾ 100 ಸೆಂಟ್ಸ್, ಒಂದು ಗುಂಟೆ ಎಂದರೆ 1,089 ಚದರ ಅಡಿ ಅಥವಾ ಎರಡೂವರೆ ಸೆಂಟ್ಸ್. ಘಟ್ಟದ ಮೇಲಿನವರು ಕರಾವಳಿಯ ಜಾಹೀರಾತು ಓದುವಾಗ ಈ ಲೆಕ್ಕ ತಪ್ಪಿ ‘10 ಸೆಂಟ್ಸ್’ ಎಂಬುದನ್ನು ದೊಡ್ಡ ಜಾಗ ಅಂದುಕೊಳ್ಳುವುದುಂಟು. ಅದು 4 ಗುಂಟೆಯಷ್ಟೇ.

‘ತುರ್ತು ಮಾರಾಟ’ ಎಂದು ಬರೆಯಬೇಡಿ. ಓದಿದವನು ನಿಮ್ಮ ಬೆಲೆಯಲ್ಲಿ ಮೊದಲೇ ಕಾಲುಭಾಗ ಕಳೆದು ಫೋನ್ ಮಾಡುತ್ತಾನೆ. ‘ದಲ್ಲಾಳಿಗಳು ಕ್ಷಮಿಸಿ’ ಎಂಬುದು ಜಮೀನು, ಸೈಟಿಗೆ ಬೇಕು, ಬೇರೆಯದಕ್ಕೆ ದಂಡ. ಮನೆಯ ಬಾಗಿಲ ನಂಬರು ಬರೆಯದೆ ಬಡಾವಣೆ ಮಾತ್ರ ಬರೆಯಿರಿ. ಬೆಲೆಬಾಳುವ ವಸ್ತು ಇರುವ ಮನೆಯ ವಿಳಾಸ ಊರಿಗೆಲ್ಲ ತಿಳಿಯಬೇಕಿಲ್ಲ.

ಅಚ್ಚಾಗುವ ಮುಂಚೆ, ಅಚ್ಚಾದ ಬೆಳಿಗ್ಗೆ

ತಪ್ಪುಗಳಲ್ಲಿ ದುಬಾರಿಯಾದದ್ದು ಫೋನ್ ನಂಬರಿನ ತಪ್ಪು. ಕೈಯಲ್ಲಿ ಬರೆದ 1 ಮತ್ತು 7 ಒಂದೇ ಥರ ಕಾಣುತ್ತವೆ. ಕನ್ನಡ ಅಂಕಿಯಲ್ಲಿ ೬, ೭, ೯ ಅದಲುಬದಲಾಗುತ್ತವೆ. ನಂಬರನ್ನು ಐದೈದಾಗಿ ಬಿಡಿಸಿ ಬರೆಯಿರಿ, ಕೌಂಟರಿನವರು ಟೈಪ್ ಮಾಡಿದ ಮೇಲೆ ಅವರ ಪರದೆ ನೋಡಿಕೊಂಡು ಆ ನಂಬರಿಗೇ ಒಮ್ಮೆ ಕರೆ ಮಾಡಿ.

ಇನ್ನೊಂದು ಗೊಂದಲ ಅಕ್ಷರ ವಿನ್ಯಾಸದ್ದು. ಹಲವು ಪತ್ರಿಕೆಗಳ ಪುಟ ಇಂದಿಗೂ ನುಡಿ, ಶ್ರೀಲಿಪಿಯಂಥ ಹಳೆ ಫಾಂಟಿನಲ್ಲೇ ಕಟ್ಟುತ್ತಾರೆ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನು ಅದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಹಾರಿಹೋಗಬಹುದು. ಪಠ್ಯದ ಜೊತೆಗೆ ಅದರ ಫೋಟೊವನ್ನೂ ಕಳಿಸಿ, ತಾಳೆ ನೋಡಲು ಅನುಕೂಲ. ಚೌಕಟ್ಟಿನ ಜಾಹೀರಾತಾದರೆ ಪ್ರೂಫ್ ಕೇಳಿ.

ಪ್ರಕಟವಾದ ದಿನ ಬೆಳಿಗ್ಗೆಯೇ ಪತ್ರಿಕೆ ತೆಗೆದು ನೋಡಿ. ಪತ್ರಿಕೆಯಿಂದ ತಪ್ಪಾಗಿದ್ದರೆ ಅದೇ ದಿನ ತಿಳಿಸಿದವರಿಗೆ ಸಾಮಾನ್ಯವಾಗಿ ಇನ್ನೊಮ್ಮೆ ಹಾಕಿಕೊಡುತ್ತಾರೆ. ಮೂರು ದಿನ ಬಿಟ್ಟು ಹೇಳಿದರೆ ಒಪ್ಪುವುದು ಕಷ್ಟ.

ಫೋನಿನ ಹತ್ತಿರ ಒಂದು ನೋಟ್‌ಬುಕ್

ಕರೆಗಳು ಬೆಳಿಗ್ಗೆ ಏಳರಿಂದ ಹತ್ತರೊಳಗೆ ಸುರಿಯುತ್ತವೆ. ಆ ದಿನ ಸಾಧ್ಯವಾದರೆ ಬೇರೆ ಸಿಮ್ ಬಳಸಿ. ಮೂರು ತಿಂಗಳ ಮೇಲೂ ಹಳೆ ಪೇಪರ್ ನೋಡಿ ಫೋನ್ ಮಾಡುವವರು ಇರುತ್ತಾರೆ. ಹೆಸರು, ಊರು, ಕೇಳಿದ ಬೆಲೆ, ಬರುವ ದಿನ ಇಷ್ಟನ್ನು ಬರೆದಿಟ್ಟುಕೊಳ್ಳಿ. ಹತ್ತನೇ ಕರೆಯ ಹೊತ್ತಿಗೆ ಯಾರು ಏನು ಅಂದರು ಎಂಬುದು ನೆನಪಿರುವುದಿಲ್ಲ.

‘ಅಣ್ಣಾ, ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂಬ ಪ್ರಶ್ನೆ ಮೊದಲ ಅರ್ಧ ನಿಮಿಷದಲ್ಲೇ ಬರುತ್ತದೆ. ‘ಬಂದು ಗಾಡಿ ನೋಡ್ರಿ, ಇಷ್ಟ ಆದ್ರೆ ಕೂತು ಮಾತಾಡೋಣ’ ಎಂದಷ್ಟೇ ಹೇಳಿ. ಫೋನಿನಲ್ಲಿ ಇಳಿಸಿದ ಬೆಲೆ ಎದುರಿಗೆ ಬಂದಾಗ ಚೌಕಾಸಿಯ ಆರಂಭದ ಬೆಲೆಯಾಗುತ್ತದೆ. ನೋಡದೆಯೇ ಪೂರ್ತಿ ಬೆಲೆ ಒಪ್ಪಿ, ‘ನಾನು ಸೇನೆಯಲ್ಲಿದ್ದೇನೆ, ಈಗಲೇ ಅಡ್ವಾನ್ಸ್ ಹಾಕ್ತೇನೆ, ಕಳಿಸಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವನು ಮೋಸಗಾರ. ಯುಪಿಐಯಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವಾಹನ: ಕೊಟ್ಟ ಮೇಲೂ ನಿಮ್ಮದೇ

ಹಣ ಬಂತು, ಕೀಲಿ ಕೊಟ್ಟೆ, ಮುಗಿಯಿತು ಎಂದುಕೊಳ್ಳುವುದು ಅಪಾಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ, ವಾಹನ ಎಷ್ಟು ಕೈ ಬದಲಾಗಿದ್ದರೂ ಸರಿ. ಹೀಗಾಗಿ ಮಾರುವವರು ಮಾಡಬೇಕಾದ್ದು ಇದು:

1. ಸಾಲ ತೀರಿದ್ದರೆ ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲ ತೀರಿದ್ದನ್ನು ತಿಳಿಸುವ ನಮೂನೆ 35 ತಂದು ಆರ್‌ಸಿಯಲ್ಲಿರುವ ಸಾಲದ ನಮೂದನ್ನು ಜಾಹೀರಾತು ಕೊಡುವ ಮುಂಚೆಯೇ ತೆಗೆಸಿ. ಇದಕ್ಕೆ ಹಿಡಿಯುವ ದಿನಗಳಲ್ಲಿ ಒಳ್ಳೆಯ ಗಿರಾಕಿ ಕೈತಪ್ಪುತ್ತಾನೆ.
2. ಮಾರಾಟ ತಿಳಿಸುವ ನಮೂನೆ 29 ಎರಡು ಪ್ರತಿ, ಹೆಸರು ವರ್ಗಾವಣೆಯ ಅರ್ಜಿಯಾದ ನಮೂನೆ 30 ಒಂದು ಪ್ರತಿ ತುಂಬಿ ಇಬ್ಬರೂ ಸಹಿ ಮಾಡಿ. ಖಾಲಿ ನಮೂನೆಗೆ ಸಹಿ ಹಾಕಿ ಕೊಡಬೇಡಿ. ಅದನ್ನು ಹಿಡಿದು ಗಾಡಿ ಇನ್ನೂ ನಾಲ್ಕು ಜನರಿಗೆ ದಾಟುತ್ತದೆ, ದಂಡದ ಚಲನ್ ಮಾತ್ರ ನಿಮಗೆ ಬರುತ್ತದೆ.
3. ಮಾರಿದ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಿ. ಕೊಂಡವನು ಮಾಡಿಸುತ್ತಾನೆ ಎಂದು ಕೂರಬೇಡಿ.
4. ಡೆಲಿವರಿ ಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಸಹಿ ಹಾಕಿಸಿ, ಕೊಂಡವನ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಅದೇ ಸಂಜೆ ಆ ಗಾಡಿಯಿಂದ ಏನಾದರೂ ಆದರೆ ಈ ಗಂಟೆಯೇ ಆಧಾರ.

ಕೊಂಡವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಗಾಡಿಗಾದ ಹಾನಿಯ ಕ್ಲೇಮು ತಿರಸ್ಕೃತವಾಗುತ್ತದೆ. ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ) ಮಾರಿದವರದ್ದು, ಅದರ ಪತ್ರವನ್ನು ವಿಮಾ ಕಂಪನಿಯಿಂದ ಪಡೆದು ಮುಂದಿನ ಗಾಡಿಗೆ ಬಳಸಬಹುದು.

ನೋಡಲು ಹೋಗುವವರು ಬೆಳಗಿನ ಹೊತ್ತು ಹೋಗಿ. ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿಟ್ಟು, ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗುವ ತೊಂದರೆ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಚ್ಚುವ ಖರ್ಚು ಹತ್ತಿರವಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2322 ಎಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಮೀಟರ್ 15,000 ಕಿ.ಮೀ. ತೋರಿಸುತ್ತಿದ್ದು ಟೈರ್ ಆಗಲೇ ಒಮ್ಮೆ ಬದಲಾಗಿದ್ದರೆ ಮೀಟರನ್ನು ನಂಬಬೇಡಿ. ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ, ಸಾಲದ ನಮೂದು ಮತ್ತು ಆರ್‌ಸಿಯ ಅವಧಿ ಸಿಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹದಿನಾಲ್ಕು ವರ್ಷದ ಗಾಡಿ ಅಗ್ಗಕ್ಕೆ ಸಿಗುವುದಕ್ಕೆ ಇದೂ ಒಂದು ಕಾರಣ.

ಹಳೆ ಮೊಬೈಲ್ ಆದರೆ *#06# ಒತ್ತಿ ಬರುವ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಅದನ್ನು ಹಾಕಿ ನೋಡಿದರೆ ಕಳವಿನದೆಂದು ತಡೆಹಿಡಿದದ್ದೋ ಎಂಬುದು ತಿಳಿಯುತ್ತದೆ. ಬಿಲ್ ಇಲ್ಲದ ಫೋನ್ ಕೊಳ್ಳಬೇಡಿ.

ಹಸು ಕೊಳ್ಳುವವರು ಒಂದು ರಾತ್ರಿ ಉಳಿಯಬೇಕು

‘ದಿನಕ್ಕೆ 18 ಲೀಟರ್ ಹಾಲು’ ಎಂಬ ಸಾಲನ್ನು ಪರೀಕ್ಷಿಸಲು ಒಂದೇ ದಾರಿ, ಎದುರಿಗೆ ಕರೆಸಿ ಅಳೆಯುವುದು. ಇದರಲ್ಲೂ ಒಂದು ಹಳೆಯ ತಂತ್ರವಿದೆ. ಗಿರಾಕಿ ಬರುವ ಹಿಂದಿನ ಹೊತ್ತು ಹಾಲು ಕರೆಯದೆ ಬಿಡುತ್ತಾರೆ, ಅಥವಾ ಅರ್ಧ ಕರೆದು ನಿಲ್ಲಿಸುತ್ತಾರೆ. ನಿಮ್ಮೆದುರು ಕರೆದಾಗ ಎರಡು ಹೊತ್ತಿನ ಹಾಲು ಒಟ್ಟಿಗೆ ಬರುತ್ತದೆ. ಆದ್ದರಿಂದ ಸಂಜೆ ಹೋಗಿ ಮೊದಲ ಸಲ ಪೂರ್ತಿ ಕರೆಸಿ, ಆ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ಬೆಳಿಗ್ಗೆ ಮತ್ತು ಸಂಜೆ ಕರೆದದ್ದು ಸೇರಿ ಆ ಹಸುವಿನ ನಿಜವಾದ ದಿನದ ಹಾಲು. ದೂರದ ಊರಾದರೆ ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿಯಿರಿ. ದೊಡ್ಡ ಮೊತ್ತದ ಹಸುವಿಗೆ ಒಂದು ರಾತ್ರಿ ಹೆಚ್ಚಲ್ಲ.

ಕರೆಯುವ ಮುಂಚೆ ನಾಲ್ಕೂ ಮೊಲೆಯಿಂದ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿಸಿ. ಗರಣೆ, ಎಳೆ, ನೀರಿನಂಥ ಹಾಲು ಕಂಡರೆ ಕೆಚ್ಚಲು ಬಾವು ಇದೆ ಅಥವಾ ವಾಸಿಯಾಗಿಲ್ಲ. ಕರೆದ ಮೇಲೆ ಕೆಚ್ಚಲು ಮೆತ್ತಗೆ ಕುಗ್ಗಬೇಕು, ಒಂದು ಭಾಗ ಗಟ್ಟಿ ಉಳಿದರೆ ಬಿಟ್ಟುಬಿಡಿ. ವಯಸ್ಸಿಗೆ ಹಲ್ಲು ನೋಡಿ: ಎಂಟೂ ಹಲ್ಲು ಬಂದು ಬಾಯಿಗೂಡಿದ್ದರೆ ಐದು ವರ್ಷದ ಆಸುಪಾಸು ಅಥವಾ ಮೇಲೆ. ‘ಮೊದಲ ಸೂಲು’ ಎಂದು ಹೇಳಿ ಬಾಯಿಗೂಡಿದ ಹಸು ತೋರಿಸಿದರೆ ಏಕೆ ಇಷ್ಟು ತಡವಾಗಿ ಕರು ಹಾಕಿತು ಎಂದು ಕೇಳಬೇಕು. ‘ಗಬ್ಬದ ಹಸು’ ಎಂಬ ಮಾತನ್ನು ಪಶುವೈದ್ಯರ ಪರೀಕ್ಷೆಯಿಂದ ಮಾತ್ರ ಒಪ್ಪಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನು ಮಾರಾಟದ ಚೀಟಿಯಲ್ಲಿ ಬರೆಸಿ. ಸಾಗಿಸುವಾಗ ಆ ಚೀಟಿ, ಪಶುವೈದ್ಯರ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಗಾಡಿಯಲ್ಲೇ ಇರಲಿ.

ಮನೆ, ಸೈಟು, ಜಮೀನು

ಬಾಡಿಗೆಗೆ ನೋಡುವಾಗ ಮನೆ ತೋರಿಸಿದವರೇ ಮಾಲೀಕರೋ ಎಂಬುದೇ ಮುಖ್ಯ. ಹಳೆ ಬಾಡಿಗೆದಾರನೇ ಅಡ್ವಾನ್ಸ್ ಪಡೆದು ಓಡಿಹೋದ ಪ್ರಕರಣಗಳಿವೆ. ಕರೆಂಟ್ ಬಿಲ್ಲು ಮತ್ತು ಕಂದಾಯ ರಸೀದಿಯಲ್ಲಿ ಯಾರ ಹೆಸರಿದೆ ನೋಡಿ, ಹಣವನ್ನು ಆ ಹೆಸರಿನ ಖಾತೆಗೇ ಹಾಕಿ. 11 ತಿಂಗಳ ಕರಾರು ವಾಡಿಕೆಯಾದದ್ದು ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ. ಸುಣ್ಣಬಣ್ಣಕ್ಕೆ ಅಡ್ವಾನ್ಸಿನಿಂದ ಎಷ್ಟು ಕಳೆಯುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ, ಮನೆ ಬಿಡುವಾಗಿನ ಜಗಳದಲ್ಲಿ ಹೆಚ್ಚಿನವು ಇದರದೇ.

ಭೋಗ್ಯಕ್ಕೆ ಮನೆ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಪದ್ಧತಿ ಇದು. ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕ ಕಟ್ಟದಿದ್ದರೆ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯುತ್ತದೆ, ನಿಮ್ಮ ಹಣಕ್ಕೆ ಮಾಲೀಕನ ಹಿಂದೆ ಅಲೆಯಬೇಕು. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡದೆ, ಭೋಗ್ಯ ಪತ್ರ ನೋಂದಣಿ ಮಾಡಿಸದೆ ಹಣ ಕೊಡಬೇಡಿ.

ಜಮೀನಿಗೆ ಪಹಣಿ, ಮ್ಯುಟೇಷನ್, ಸರ್ವೆ ನಕ್ಷೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆದ 30 ವರ್ಷದ ಋಣಭಾರ ಪತ್ರ ಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಬಿಡಿಸಿ ತೋರಿಸುವ 11-ಇ ಸರ್ವೆ ನಕ್ಷೆ ಇಲ್ಲದೆ ನೋಂದಣಿ ಆಗದು. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಕೋರ್ಟಿನ ದಾವೆ, ಅಣ್ಣತಮ್ಮಂದಿರ ಪಾಲಿನ ತಕರಾರು, ನೋಂದಣಿಯಾಗದ ಕರಾರು ಅದರಲ್ಲಿ ಇರುವುದಿಲ್ಲ. ಅದಕ್ಕಾಗಿ ಊರಿಗೆ ಹೋಗಿ ಅಕ್ಕಪಕ್ಕದ ಹೊಲದವರನ್ನು ಕೇಳಬೇಕು. ರಾಜ್ಯದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಊರ್ಜಿತವಾಗದು. ಎಷ್ಟೋ ವರ್ಷದ ಮೇಲೂ ಜಮೀನು ಮೂಲ ಕುಟುಂಬಕ್ಕೆ ಹಿಂದಿರುಗಿದೆ, ಅದು ಅವರ ಹಕ್ಕು. ಅಗ್ಗಕ್ಕೆ ಬಂದ ಜಮೀನಿನ ಮೂಲ ಮಂಜೂರಾತಿ ಯಾರ ಹೆಸರಿನಲ್ಲಿತ್ತು ಎಂಬುದನ್ನು ಮೊದಲು ನೋಡಿ.

ಸೈಟಿಗೆ ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿ ದಾಖಲೆಯ ತಂತ್ರಾಂಶ) ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಖಾತಾ. 11-ಬಿ ಎಂದು ತೋರಿಸಿದರೆ ಅದು ಬೇರೆಯದೇ ಬಗೆ, ಬ್ಯಾಂಕ್ ಸಾಲ ಸಿಗುವುದು ಕಷ್ಟ. ಹೊಸ ಬಡಾವಣೆಯ ಜಾಹೀರಾತಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇಲ್ಲದಿದ್ದರೆ ‘ಸಂಖ್ಯೆ ಎಷ್ಟು’ ಎಂದು ಮೊದಲ ಕರೆಯಲ್ಲೇ ಕೇಳಿ. ನಗದು ಮುಂಗಡ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ.

ಕ್ರಯಕ್ಕೆ ಮುಂಚೆ ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವುದು ಒಳ್ಳೆಯ ರೂಢಿ. ಸರ್ವೆ ನಂಬರು, ಚಕ್ಕುಬಂದಿ ಬರೆದು 7 ಅಥವಾ 15 ದಿನದೊಳಗೆ ತಕರಾರು ಇದ್ದವರು ತಿಳಿಸಿ ಎನ್ನುತ್ತಾರೆ. ಆ ಜಮೀನಿನ ಊರಿಗೆ ಬರುವ ಪತ್ರಿಕೆಯಲ್ಲೇ ಹಾಕಿಸಿ, ಬೇರೆ ಜಿಲ್ಲೆಯದರಲ್ಲಿ ಹಾಕಿದರೆ ಪ್ರಯೋಜನವಿಲ್ಲ. ತಕರಾರು ಬಾರದಿದ್ದ ಮಾತ್ರಕ್ಕೆ ಬೇರೆಯವರ ಹಕ್ಕು ಹೋಗುವುದಿಲ್ಲ, ನೀವು ಎಚ್ಚರ ವಹಿಸಿದ್ದಿರಿ ಎಂಬುದಕ್ಕೆ ಅದು ದಾಖಲೆ.

‘ಬೇಕಾಗಿದ್ದಾರೆ’

ಕೆಲಸಕ್ಕೆ ಜನ ಹುಡುಕುವವರು ‘ಆಕರ್ಷಕ ಸಂಬಳ’ ಎಂಬ ಪದವನ್ನು ಬಿಡಬೇಕು. ಅದನ್ನು ಓದಿ ಕಡಿಮೆ ಸಂಬಳ ಎಂದೇ ಜನ ಅರ್ಥ ಮಾಡಿಕೊಳ್ಳುತ್ತಾರೆ. ಕೆಲಸ, ಜಾಗ, ಎಷ್ಟು ಹೊತ್ತು, ಸಂಬಳ, ವಾರದ ರಜೆ, ಊಟ ವಸತಿ ಇದೆಯೇ ಎಂಬ ಆರು ವಿಷಯ ಇದ್ದರೆ ಸಾಕು. ‘ಅನುಭವ ಇದ್ದವರು’ ಎನ್ನುವ ಬದಲು ಏನು ಬರಬೇಕು ಎಂದು ಬರೆಯಿರಿ: ‘ಟ್ಯಾಲಿ, ಜಿಎಸ್‌ಟಿ ಬಿಲ್ಲಿಂಗ್ ಗೊತ್ತಿರಬೇಕು’, ‘ಪಫ್ಸ್, ಬನ್ನು, ಕೇಕ್ ಮಾಡಲು ಬರಬೇಕು’. ಎರಡು ದಿನ, ಎರಡು ಗಂಟೆಯ ಅವಧಿ ಗೊತ್ತು ಮಾಡಿ ಖುದ್ದು ಬರಲು ಹೇಳಿ. ಹಳ್ಳಿಯಿಂದ ಬರುವವರಿಗೆ ಬಸ್ ಸಮಯ ಹೊಂದಬೇಕು, ಬೆಳಿಗ್ಗೆ 11ರ ನಂತರ ಇಟ್ಟರೆ ಒಳ್ಳೆಯದು.

14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ವಯಸ್ಸಿನ ದಾಖಲೆ ನೋಡಿ ಪ್ರತಿ ಇಟ್ಟುಕೊಂಡು ಮೂಲವನ್ನು ಅಲ್ಲೇ ಹಿಂದಿರುಗಿಸಿ. ಅಂಕಪಟ್ಟಿ ಒತ್ತೆ ಇಟ್ಟುಕೊಂಡರೆ ಒಳ್ಳೆಯ ಕೆಲಸಗಾರರು ನಿಲ್ಲುವುದಿಲ್ಲ. ಡ್ರೈವರ್ ಆದರೆ ಲೈಸೆನ್ಸ್ ಯಾವ ವರ್ಗದ್ದು ನೋಡಿ: ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲಿ ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾಗಣೆ ವಾಹನ ಓಡಿಸಬಹುದು, ಲಾರಿಗೆ ಭಾರಿ ವಾಹನದ ಲೈಸೆನ್ಸೇ ಬೇಕು. ಪ್ರಾಯೋಗಿಕವಾಗಿ ಒಂದೆರಡು ದಿನ ಕೆಲಸ ಮಾಡಿಸಿದರೆ ಆ ದಿನಗಳ ಕೂಲಿ ಕೊಡಿ.

ಕೆಲಸ ಹುಡುಕುವವರು ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಸಂಬಳ ಕೊಡುವವರು ಮೊದಲು ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ಸಮವಸ್ತ್ರದ ಹಣ, ತರಬೇತಿ ಶುಲ್ಕ, ‘ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ಕಿಟ್‌ಗೆ ಡಿಪಾಸಿಟ್’ ಎಲ್ಲವೂ ಒಂದೇ ಜಾತಿಯವು. ಜಾಹೀರಾತಿನಲ್ಲಿ ಕಂಪನಿಯ ಹೆಸರು, ಊರು ಇಲ್ಲದೆ ಮೊಬೈಲ್ ನಂಬರ್ ಒಂದೇ ಇದ್ದರೆ ಹೆಣ್ಣುಮಕ್ಕಳು ಒಬ್ಬರೇ ಸಂದರ್ಶನಕ್ಕೆ ಹೋಗಬಾರದು.

ಕರಾವಳಿಯ ಪತ್ರಿಕೆಗಳಲ್ಲಿ ಗಲ್ಫ್ ಕೆಲಸದ ಜಾಹೀರಾತು ಹೆಚ್ಚು. ವಿದೇಶಕ್ಕೆ ಕಳಿಸುವ ಏಜೆಂಟರಿಗೆ ಕೇಂದ್ರ ಸರ್ಕಾರದ ನೋಂದಣಿ ಬೇಕು. ಅದರ ಸಂಖ್ಯೆಯನ್ನು ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹಾಕಿ ನೋಡಿ, ಅವಧಿ ಮುಗಿದಿರಬಹುದು. ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಸಮೇತ. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ’ ಎಂದರೆ ಅಲ್ಲಿಗೇ ನಿಲ್ಲಿಸಿ.

ಕಣ್ಣಿಗೆ ಬಿದ್ದರೂ ಮುಟ್ಟಬಾರದವು

‘ನಿಮ್ಮ ಜಮೀನಿನಲ್ಲಿ ಮೊಬೈಲ್ ಟವರ್ ಹಾಕಿಸಿ, ಲಕ್ಷಾಂತರ ಅಡ್ವಾನ್ಸ್, ತಿಂಗಳ ಬಾಡಿಗೆ’ ಎಂಬುದು ವರ್ಷಗಳಿಂದ ಬರುತ್ತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮತ್ತು ದೂರಸಂಪರ್ಕ ಇಲಾಖೆ ಇಂಥ ಅನುಮತಿಗೆ ಯಾವ ಹಣವನ್ನೂ ಪಡೆಯುವುದಿಲ್ಲ ಎಂದು ಮತ್ತೆ ಮತ್ತೆ ಪ್ರಕಟಿಸಿವೆ. ‘ದಾಖಲೆ ಇಲ್ಲದೆ ಸಾಲ’ ಎಂದು ಕರೆದು ಸಂಸ್ಕರಣಾ ಶುಲ್ಕ ಕೇಳುವುದೂ ಅದೇ ದಾರಿ. ಕೆಲವು ಜಾಹೀರಾತು ಕೊಡುವುದೇ ಅಪರಾಧ: ಭ್ರೂಣಲಿಂಗ ಪತ್ತೆ, ಹಣಕ್ಕೆ ಕಿಡ್ನಿ, ಔಷಧ ಜಾಹೀರಾತು ಕುರಿತ 1954ರ ಕಾಯ್ದೆ ಪಟ್ಟಿ ಮಾಡಿದ ಕಾಯಿಲೆಗಳಿಗೆ ಪವಾಡದ ಔಷಧ.

ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗೆ ಒಂದು ಮಾತು. ಯಾವ ಕಚೇರಿ ಕೇಳಿದೆಯೋ ಅಲ್ಲೇ ವಿಚಾರಿಸಿ: ಜಿಲ್ಲಾ ಪತ್ರಿಕೆ ಸಾಕೋ, ರಾಜ್ಯಮಟ್ಟದ್ದು ಬೇಕೋ, ಎರಡು ಪತ್ರಿಕೆ ಬೇಕೋ. ನೋಟರಿ ಅಫಿಡವಿಟ್ಟಿನಲ್ಲಿರುವ ಅಕ್ಷರವೇ ಪ್ರಕಟಣೆಯಲ್ಲೂ ಬರಬೇಕು. ‘ಶ’ ಇರುವಲ್ಲಿ ‘ಷ’ ಬಂದರೂ ಕಡತ ವಾಪಸ್ ಬರುತ್ತದೆ. ಪ್ರಕಟವಾದ ದಿನ ಮೂರು ನಾಲ್ಕು ಪ್ರತಿ ಕೊಂಡಿಡಿ, ಪತ್ರಿಕೆಯ ಹೆಸರು ಮತ್ತು ದಿನಾಂಕ ಇರುವ ಪೂರ್ತಿ ಪುಟವನ್ನೇ ಕಚೇರಿಗೆ ಕೊಡಬೇಕಾಗುತ್ತದೆ, ಕತ್ತರಿಸಿದ ತುಂಡನ್ನು ಒಪ್ಪದಿರಬಹುದು. ವ್ಯವಹಾರ ಕುದುರಿದ ದಿನವೇ ಪತ್ರಿಕೆಗೆ ತಿಳಿಸಿ ಉಳಿದ ದಿನಗಳ ಜಾಹೀರಾತು ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿರುವ ಉಳಿದವರಿಗೂ ‘ಕೊಟ್ಟಾಯಿತು’ ಎಂದು ಒಂದು ಕರೆ ಮಾಡಿ. ಅವರಲ್ಲಿ ಕೆಲವರು ಬಸ್ಸು ಹತ್ತಿ ಹೊರಡುವುದರಲ್ಲಿರುತ್ತಾರೆ.